ಅವ್ವ ಅಂದರೆ ತಿರುಗುವವಳು

ಮಂಗಳವಾರ, ಶುಕ್ರವಾರ ಬಂತೆಂದರೆ ಸಣ್ಣತಿಮ್ಮಪ್ಪ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಜಗಳೂರಿನ ಕಡೆ ಕುರಿ ಹಿಂದೆ ತಿರುಗುತ್ತಿದ್ದಾಗ ತಿಂಗಳಿಗೊಮ್ಮೆ ಬೋಳಿಸಿದರೆ ಅದೇ ಹೆಚ್ಚು. ಈಗ ಹೊನ್ನಾಳಿಗೆ ಬಂದು ಅರವತ್ತಾರನೇ ವಯಸ್ಸಿನಲ್ಲಿ ವಾರಕ್ಕೆ ಎರಡು ಸಲ ಬ್ಲೇಡು ಹಿಡಿಯುವುದನ್ನು ನೋಡಿ ಓಣಿಯವರು ನಗುತ್ತಿದ್ದರು. ಹೆಂಗಸರ ನಡುವೆ ಕೂರಲು ಹೋಗುತ್ತಾನಲ್ಲ, ಅದಕ್ಕೆ ಅಂತ ಅವರ ಲೆಕ್ಕ. ಕಾರಣ ಅದಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಲಾರಿ ಹಾರನ್ ಹೊಡೆದರೆ ಮೊಮ್ಮಗಳು ರಕ್ಷಾ ಅಜ್ಜನ ಕೊರಳಿಗೆ ಮುಖ ಒತ್ತುತ್ತಿದ್ದಳು. ಒಮ್ಮೆ ಗಡ್ಡ ಚುಚ್ಚಿ, ಹಾರನ್ನೂ ಬೇಡ ಅಜ್ಜನೂ ಬೇಡ ಅನ್ನುವ ಹಾಗೆ ನಡುರಸ್ತೆಯಲ್ಲಿ ಕೂತು ಕಿರುಚಿದಳು. ಅದೊಂದು ಸಲ ಆಯಿತು. ಎರಡನೇ ಸಲ ಆಗಲು ಮುದುಕ ಬಿಡಲಿಲ್ಲ.

ಐದು ವರ್ಷದ ಹುಡುಗಿ. ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕಿವಿ ಕೇಳುವುದಿಲ್ಲವೇನೋ ಅಂತ ದಾವಣಗೆರೆಗೆ ಒಯ್ದರೆ, ಡಾಕ್ಟರು ತಲೆಗೆ ವೈರು ಹಚ್ಚಿ ನೋಡಿ, ಕಿವಿ ನಿಮ್ಮೆಲ್ಲರಿಗಿಂತ ಚೆನ್ನಾಗಿದೆ ಅಂದರು. ಅದು ಮನೆಯವರಿಗೂ ಗೊತ್ತಿತ್ತು. ಕುಕ್ಕರ್ ಒಂದು ಸೀಟಿ ಹೊಡೆದರೆ ಅವಳು ಗೋಡೆಗೆ ತಲೆ ಹೊಡೆದುಕೊಳ್ಳುತ್ತಿದ್ದಳು. ಅದಕ್ಕೇ ಆ ಮನೆಯ ಕುಕ್ಕರ್ ಎರಡು ವರ್ಷದಿಂದ ಅಟ್ಟದ ಮೇಲಿತ್ತು. ಸೊಸೆ ಶೈಲಾ ಬೆಳಿಗ್ಗೆ ಐದಕ್ಕೆ ಎದ್ದು ಪಾತ್ರೆಯಲ್ಲಿ ಅನ್ನ ಬಸಿದು, ಬೇಳೆ ಬೇಯಿಸಿಟ್ಟು, ಒಂಬತ್ತಕ್ಕೆ ಆಫೀಸಿಗೆ ಹೊರಡುತ್ತಿದ್ದಳು. ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಗುತ್ತಿಗೆ ಕೆಲಸ. ಮಗ ತಿಮ್ಮೇಶ್ ಖಾಸಗಿ ಬಸ್ಸಿನ ಕಂಡಕ್ಟರ್. ಅವನು ಐದೂವರೆಗೇ ಹೋದರೆ ರಾತ್ರಿ ಊಟಕ್ಕೇ ಬರುವುದು.

ರಕ್ಷಾಳಂಥ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ ಥೆರಪಿ ಮಾಡುವ ಸೆಂಟರೊಂದು ಊರಿನ ಹಳೇ ಅಕ್ಕಿ ಮಿಲ್ಲಿನ ಹಿಂದೆ ಶುರುವಾದಾಗ ಶೈಲಾಳೇ ಹೋಗಿ ಹೆಸರು ಬರೆಸಿದ್ದಳು. ಅಲ್ಲಿಯದು ಒಂದು ಕಟ್ಟುನಿಟ್ಟು: ಮಗುವನ್ನು ದಿನಕ್ಕೊಬ್ಬರು ಕರೆತರುವ ಹಾಗಿಲ್ಲ, ಪ್ರತಿ ಸಲ ಅದೇ ಒಬ್ಬರು ಬರಬೇಕು. ಗೋವಿನಕೋವಿಯಿಂದ ಶೈಲಾಳ ತಾಯಿ ಬಂದು ಒಂದು ತಿಂಗಳು ನಡೆಸಿದಳು, ಮಂಡಿ ಊದಿಕೊಂಡು ವಾಪಸ್ ಹೋದಳು. ತಿಮ್ಮೇಶ್ ಜಗಳೂರಿಗೆ ಹೋಗಿ ಅಪ್ಪನ ಮುಂದೆ ನಿಂತ.

"ಕುರಿ ಕೆಂಚೇಶ ನೋಡ್ಕೊಂತಾನೆ. ನೀನು ಬಾರಪ್ಪ."

"ನಾನು ಬಂದು ಏನು ಮಾಡ್ಲೋ? ನಂಗೆ ಹುಡುಗ್ರು ನೋಡಿ ಗೊತ್ತೈತಾ?"

"ಮಾಡೋದೇನಿಲ್ಲ. ಕರ್ಕೊಂಡು ಹೋಗಿ ಕುಂದ್ರೋದು, ಕರ್ಕೊಂಡು ಬರೋದು."

"ಕುಂದ್ರೋದಂತೂ ಹುಟ್ಟಿದಾಗ್ಲಿಂದ ಬಂದಿಲ್ಲ ನಂಗೆ."

ಅಂದರೂ ಬಂದ. ಹೆಂಡತಿ ಕೆಂಪಕ್ಕ ಬದುಕಿದ್ದರೆ ಅವಳನ್ನೇ ಕಳಿಸುತ್ತಿದ್ದ. ಅವಳು ತೀರಿ ಎರಡು ವರ್ಷವಾಗಿತ್ತು. ಕುರಿ ಹಿಂಡನ್ನು ಚಿಕ್ಕ ಮಗ ಕೆಂಚೇಶನ ಕೈಗೆ ಕೊಟ್ಟು, ಒಂದು ಕಂಬಳಿ, ಎರಡು ಜೊತೆ ಬಟ್ಟೆ ತಗೊಂಡು ಬಸ್ಸು ಹತ್ತಿದ.

ಹೊನ್ನಾಳಿಯಲ್ಲಿ ಅವನಿಗೆ ಮಾತಿಗೆ ಜನ ಸಿಗಲಿಲ್ಲ. ಸಂಜೆ ಸೇತುವೆಯ ಹತ್ತಿರ ಕೂತರೆ ಪಕ್ಕದವರು ಭತ್ತದ ಮಾತು, ಅಡಿಕೆಯ ಮಾತು. ಇವನಿಗೆ ಗೊತ್ತಿದ್ದದ್ದು ಕುರಿ, ಮೆಕ್ಕೆಜೋಳ, ಶೇಂಗಾ. ನೀರು ನೋಡಿ ನೋಡಿ ಬೇಸರವಾಗಿ ಮನೆಗೆ ಬರುತ್ತಿದ್ದ. ಮನೆಯಲ್ಲಿ ಸೊಸೆಯ ಜೊತೆಗಾದರೂ ಮಾತಿತ್ತೇ ಅಂದರೆ, ಅದೂ ಇಲ್ಲ. ಮೊದಲು ಕೆಂಪಕ್ಕ ನಡುವೆ ಇದ್ದಳು. ಮಾವನ ಮಾತು ಸೊಸೆಗೆ, ಸೊಸೆಯ ಮಾತು ಮಾವನಿಗೆ ಅವಳ ಬಾಯಿಂದಲೇ ಹೋಗಿ ಬರುತ್ತಿತ್ತು. ಅವಳು ಹೋದಮೇಲೆ ಸಣ್ಣತಿಮ್ಮಪ್ಪ ಸೊಸೆಯನ್ನು ಏನಂತಲೂ ಕರೆಯುತ್ತಿರಲಿಲ್ಲ. ಕೆಮ್ಮುತ್ತಿದ್ದ. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಸಾರು. ಶೈಲಾಳಿಗೂ ರೂಢಿಯಾಗಿತ್ತು. ಒಮ್ಮೆ ನಿಜವಾಗಿ ನೆಗಡಿಯಾಗಿ ಮೂರು ನಾಲ್ಕು ಸಲ ಕೆಮ್ಮಿದಾಗ ಅವಳು ಪಾತ್ರೆಯನ್ನೇ ತಂದು ಮುಂದಿಟ್ಟಿದ್ದಳು.

ಸೆಂಟರ್ ಅಂದರೆ ಒಂದು ಉದ್ದನೆಯ ಕೋಣೆ. ನೆಲಕ್ಕೆ ಜಮಖಾನೆ, ತೊಲೆಗೆ ಹಳೇ ಸೀರೆಯ ಜೋಲಿ, ಮೂಲೆಯಲ್ಲಿ ಮಂಕರಿ ಬುಟ್ಟಿಯಷ್ಟು ಅಗಲದ ಟ್ರೇ ತುಂಬ ರಾಗಿ. ಆರು ಮಕ್ಕಳು, ಅವರ ಹಿಂದೆ ಗೋಡೆಗೆ ಒರಗಿ ಐದು ಜನ ತಾಯಂದಿರು, ಒಬ್ಬ ಮುದುಕ. ನಡೆಸುವವಳು ದುರ್ಗಾಂಬಿಕಾ ಮೇಡಂ. ಸೋಮವಾರ ಚನ್ನಗಿರಿ, ಬುಧವಾರ ನ್ಯಾಮತಿ, ಮಂಗಳವಾರ ಶುಕ್ರವಾರ ಹೊನ್ನಾಳಿ ಅಂತ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆಯುವ ಹೆಣ್ಣು. ಮಾತು ಮೆತ್ತಗೆ, ಕಣ್ಣು ಹದ್ದಿನದು.

ಮೊದಲು ಮಕ್ಕಳನ್ನು ದುಂಡಗೆ ಕೂರಿಸುವುದು. ಆಮೇಲೆ ಒಬ್ಬೊಬ್ಬರದೇ ಹೆಸರು ಹೇಳಿ ಚೆಂಡು ಉರುಳಿಸುವುದು. ಹೆಸರು ಕೇಳಿದ ಮಗು ಕೈ ಎತ್ತಬೇಕು, ಇಲ್ಲವೇ ತಿರುಗಿಯಾದರೂ ನೋಡಬೇಕು. ಹಿಂದೆ ಕೂತವರು ತುಟಿ ಬಿಚ್ಚುವ ಹಾಗಿಲ್ಲ. ನ್ಯಾಮತಿಯಿಂದ ಬರುವ ಶಿವಲೀಲಾಳ ಮಗ ಮೂರನೇ ವಾರಕ್ಕೇ ಕೈ ಎತ್ತಿದ. ತುದಿಗಾಲಲ್ಲೇ ನಡೆಯುವ ಹುಡುಗ, ಕೈ ಎತ್ತಿದವನು ಇಳಿಸಲೇ ಇಲ್ಲ. ರಕ್ಷಾ ಮಾತ್ರ ದುಂಡಿನೊಳಗೇ ಬರುತ್ತಿರಲಿಲ್ಲ. ರಾಗಿಯ ಟ್ರೇ ಹತ್ತಿರ ಕೂತು ಮೊಣಕೈವರೆಗೂ ಕೈ ಹುಗಿದು ಸುಮ್ಮನಿರುತ್ತಿದ್ದಳು. ಮೇಡಂ ಅವಳನ್ನು ಎಳೆಯಲಿಲ್ಲ. ಇದು ಮುದುಕನಿಗೆ ಹಿಡಿಸಿತು. ಸಂತೆಯಿಂದ ತಂದ ಕುರಿಯನ್ನು ಹಿಂಡಿನ ನಡುವೆ ನೂಕಿದರೆ ಅದು ಮೇಯುವುದೇ ಇಲ್ಲ. ಅಂಚಿಗೆ ಬಿಟ್ಟು ಸುಮ್ಮನಿರಬೇಕು. ಇಷ್ಟು ಓದಿದ ಹೆಣ್ಣಿಗೆ ಇದು ಗೊತ್ತಿದೆಯಲ್ಲ ಅಂತ ಅವನಿಗೆ ಆಶ್ಚರ್ಯ.

ಏಳನೇ ವಾರ ಶಿವಲೀಲಾ ಮೇಡಮ್ಮಿನ ರಿಜಿಸ್ಟರ್ ಕಡೆ ಕತ್ತು ಚಾಚಿ ಓದಿದಳು. "ಹೆಸರಿಗೆ ತಿರುಗುವುದಿಲ್ಲ ಅಂತ ಬರ್ದಾರೆ ಅಜ್ಜ, ನಿಮ್ಮ ಹುಡುಗಿಗೆ."

"ಬರೀಲಿ ಬಿಡವ್ವ."

"ಮನೆಯಾಗೂ ತಿರುಗಲ್ವಾ?"

ಸಣ್ಣತಿಮ್ಮಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಅವಳು ತಿರುಗುತ್ತಿದ್ದಳು. ಮನೆಯಲ್ಲಿ ಅವನು "ಅವ್ವಾ" ಅಂದರೆ ಸಾಕು, ಬಚ್ಚಲಲ್ಲಿದ್ದರೂ ಬರುತ್ತಿದ್ದಳು. ಅವನು ಅವಳನ್ನು ಹುಟ್ಟಿದಾಗಿನಿಂದ ಕರೆದದ್ದು ಹಾಗೇ. ಅವನ ತಾಯಿ ಹೊನ್ನೂರಮ್ಮ ತೀರಿದ ಇಪ್ಪತ್ತನೇ ದಿನಕ್ಕೆ ಹುಟ್ಟಿದ ಕೂಸು. ಅದೇ ಅಗಲ ಹಣೆ, ಅದೇ ಮೊಂಡು ಗದ್ದ. ಮುದುಕಿಯೇ ತಿರುಗಿ ಬಂದಳು ಅಂತ ಜಗಳೂರಿನ ಮನೆಯಲ್ಲಿ ಎಲ್ಲರೂ ಅಂದರು, ಮರೆತರು. ಇವನೊಬ್ಬ ಮರೆಯಲಿಲ್ಲ. ಹೆತ್ತ ತಾಯಿಯನ್ನು ಹೆಸರು ಹಿಡಿದು ಹೇಗೆ ಕರೆಯುವುದು? "ಅವ್ವಾ ಬಾ", "ಅವ್ವಾ ಉಣ್ಣು". ಕೇಳಿದ ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ. ಆ ಕಡೆ ಹೆಣ್ಣೆಂದರೆ ಎಲ್ಲರೂ ಅವ್ವಂದಿರೇ. ತರಕಾರಿಯವಳಿಗೂ ಬಾರವ್ವ, ಶಾಲೆಯ ಹುಡುಗಿಗೂ ಕುಂದ್ರವ್ವ. ಅದರಲ್ಲಿ ಇದೊಂದು ಬೇರೆ ಅಂತ ಯಾರು ಹುಡುಕಿಕೊಂಡು ಕೂರುತ್ತಾರೆ? ಹುಡುಗಿಗೆ ಮಾತ್ರ ಅದು ಬೇರೆಯಾಗಿತ್ತು. ತಾಯಿ ರಕ್ಷಾ ಅನ್ನುತ್ತಿದ್ದಳು, ತಂದೆ ಚಿನ್ನು ಅನ್ನುತ್ತಿದ್ದ, ಪಕ್ಕದ ಮನೆಯ ಶಂಕ್ರಮ್ಮ ಪಾಪು ಅನ್ನುತ್ತಿದ್ದಳು. ದಿನವಿಡೀ ಜೊತೆಗಿದ್ದವನು ಅನ್ನುತ್ತಿದ್ದದ್ದು ಅವ್ವ.

ಕೇಳಿದ್ದರೆ ಹೇಳುತ್ತಿದ್ದೆ ಅಂತ ಮುದುಕ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು. ಶಿವಲೀಲಾ ಕೇಳಿದ್ದಳಲ್ಲ. ಇನ್ನೂರು ಕುರಿ ಅವನ ದನಿಗೆ ತಿರುಗುತ್ತಿದ್ದ ಕಾಲ ಹೋಗಿ, ಇಡೀ ಹೊನ್ನಾಳಿಯಲ್ಲಿ ಅವನು ಕರೆದರೆ ತಿರುಗುವ ಜೀವ ಅದೊಂದೇ ಉಳಿದಿತ್ತು. ಅದನ್ನು ರಿಜಿಸ್ಟರಿಗೆ ಬರೆಸಿ ಊರ ಪಾಲು ಮಾಡಲು ಅವನಿಗೆ ಮನಸ್ಸಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಶೈಲಾ ಬೀರುವಿನ ಕನ್ನಡಿಯ ಮುಂದೆ ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ತಾಗಿದರೆ ಕಚ್ಚುವ ಹುಡುಗಿ. ಮೊದಲು ಅಂಗೈಯಿಂದ ತಲೆಯನ್ನು ಗಟ್ಟಿಯಾಗಿ ಒತ್ತಿ ಆಮೇಲೆ ಬಾಚಿ ಅಂತ ಮೇಡಂ ಹೇಳಿಕೊಟ್ಟಿದ್ದಳು. ಆವತ್ತು ಕಚ್ಚಲಿಲ್ಲ. ಸಣ್ಣತಿಮ್ಮಪ್ಪ ಹೊಸ್ತಿಲ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದ. ಹುಡುಗಿ ಕನ್ನಡಿಗೆ ಅಂಗೈ ಇಟ್ಟಳು. ಸ್ಪಷ್ಟವಾಗಿ ಅಂದಳು:

"ಅವ್ವ."

ಶೈಲಾಳ ಕೈಯಿಂದ ಬಾಚಣಿಗೆ ಬಿತ್ತು.

"ಮಾವ, ಕೇಳಿದ್ರಾ?"

"ಕೇಳ್ದೆ."

"ಅವ್ವ ಅಂದ್ಲು. ನಾನು ಅಮ್ಮ ಅನ್ನು ಅಮ್ಮ ಅನ್ನು ಅಂತ ಮೂರು ವರ್ಷ ಬಡ್ಕೊಂಡೆ. ಇವಳು ಅವ್ವ ಅಂದ್ಲು. ನಾನೂ ನಮ್ಮವ್ವನ್ನ ಹಂಗೇ ಕರೆಯೋದು. ಅಲ್ವಾ ಮಾವ?"

"ಹೂಂ."

ಹೊಸ್ತಿಲಿನಿಂದ ಕನ್ನಡಿ ನೇರಕ್ಕೆ ಕಾಣುತ್ತಿತ್ತು. ಶೈಲಾಳ ಮುಖ ಮೇಲಿತ್ತು. ಹುಡುಗಿಯ ಅಂಗೈ ಕೆಳಗೆ, ತನ್ನದೇ ಮುಖದ ಮೇಲಿತ್ತು. ಮುದುಕ ಬೆಳ್ಳುಳ್ಳಿ ಕಡೆ ನೋಡಿದ.

ಶೈಲಾ ಗಂಡನಿಗೆ ಫೋನ್ ಮಾಡಿದಳು. ಬಸ್ಸಿನ ಗದ್ದಲದಲ್ಲಿ ಅವನಿಗೆ ಮೂರು ಸಲ ಹೇಳಬೇಕಾಯಿತು. ಅವನು ಡ್ರೈವರಿಗೆ ಹೇಳಿದ, ಮುಂದಿನ ಸೀಟಿನವರಿಗೂ ಹೇಳಿದನಂತೆ. ಮಧ್ಯಾಹ್ನಕ್ಕೆ ಹೋಳಿಗೆಯಾಯಿತು. ಶಂಕ್ರಮ್ಮ ಬಟ್ಟಲು ಹಿಡಿದು ಬಂದಳು.

"ಏನೇ ಶೈಲಾ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಕಣಕ ನಾದೀಯ?"

"ನನ್ನ ಮಗಳು ನನ್ನ ಅವ್ವ ಅಂದ್ಲು ಶಂಕ್ರಮ್ಮ."

"ಅಯ್ಯೋ ನನ್ನವ್ವ, ಹಂಗಾದ್ರೆ ಎರಡು ಕೊಡು."

ಸಣ್ಣತಿಮ್ಮಪ್ಪನ ತಟ್ಟೆಗೆ ಮೂರು ಬಿದ್ದವು. ಅವನು ಕೆಮ್ಮದೆಯೇ ಸೊಸೆ ತಾನಾಗಿ ಮೇಲೆ ತುಪ್ಪ ಸುರಿದಳು. ಅವನು ಆಮೇಲೆ ತಿಂತೀನಿ ಅಂತ ಎತ್ತಿಕೊಂಡು ಹೊರಗೆ ಹೋದ.

ಎರಡು ವಾರ ಆ ಮನೆ ನಗುನಗುತ್ತಾ ಇತ್ತು. ಆಮೇಲೆ ಸೆಂಟರಿನಲ್ಲಿ ತಾಯಂದಿರೆಲ್ಲ ಇರಲೇಬೇಕಾದ ಶುಕ್ರವಾರ ಬಂತು. ಶೈಲಾ ರಜೆ ಹಾಕಿ, ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದು ಮಾವನ ಪಕ್ಕ ಗೋಡೆಗೆ ಒರಗಿ ಕೂತಳು. ಆವತ್ತಿನ ಆಟ ಕನ್ನಡಿಯದು. ಮೇಡಂ ಒಂದು ಕೈಗನ್ನಡಿ ಹಿಡಿದು, ಇದು ಯಾರು ಅಂತ ಒಬ್ಬೊಬ್ಬ ಮಗುವಿಗೂ ತೋರಿಸುತ್ತಾ ಬಂದಳು. ರಾಗಿ ಟ್ರೇಯ ಹತ್ತಿರವೂ ಬಂದಳು.

"ಇದು ಯಾರು?"

"ಅವ್ವ," ಅಂದಳು ರಕ್ಷಾ.

ಶೈಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೇಡಂ ನಗಲಿಲ್ಲ. ಕನ್ನಡಿಯನ್ನು ಕೆಳಗಿಟ್ಟು, ಪ್ರತಿ ಮಗುವಿನ ಮನೆಯವರದೂ ಇದ್ದ ಫೋಟೋಗಳಲ್ಲಿ ಶೈಲಾಳದನ್ನು ತೆಗೆದು ತೋರಿಸಿದಳು. ಹುಡುಗಿ ಸುಮ್ಮನೆ ನೋಡಿದಳು. ಮೇಡಂ ಶೈಲಾಳನ್ನೇ ಕರೆದು ಎದುರಿಗೆ ಕೂರಿಸಿದಳು. ಹುಡುಗಿ ಸೀರೆಯ ಜರಿ ಮುಟ್ಟಿ ಕೈ ಹಿಂದೆ ತೆಗೆದಳು. ಮತ್ತೆ ಕನ್ನಡಿ.

"ಅವ್ವ."

ಮೇಡಂ ಮೆಲ್ಲಗೆ ಕೇಳಿದಳು: "ಮನೇಲಿ ಇವಳನ್ನೇ ಅವ್ವ ಅಂತ ಕರೆಯೋರು ಯಾರಾದ್ರೂ ಇದ್ದೀರಾ?"

ಐದು ಜನ ತಾಯಂದಿರೂ ಗೋಡೆಗೆ ಒರಗಿದ್ದ ಆ ಒಬ್ಬ ಗಂಡಸಿನ ಕಡೆ ನೋಡಿದರು. ಶೈಲಾ ನೋಡಲಿಲ್ಲ.

ಮನೆಗೆ ಬರುವಾಗ ಮೂವರೂ ಬೇರೆ ಬೇರೆ ಊರಿನವರ ಹಾಗೆ ನಡೆದರು. ರಾತ್ರಿ ಊಟಕ್ಕೆ ತಿಮ್ಮೇಶ್ ಕೂತ ಮೇಲೆ ಶೈಲಾ ಬಾಯಿ ಬಿಟ್ಟಳು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಅಂದ ಮುದುಕ.

"ಹೋಳಿಗೆ ಮಾಡುವಾಗ್ಲೂ ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ಕುಂತ್ಕೊಂಡು ತಿಂದ್ರಲ್ಲ ಮಾವ."

"ತಿನ್ನಲಿಲ್ಲ. ಹೊರಗೆ ದನಕ್ಕೆ ಹಾಕ್ದೆ."

ಇದು ಇನ್ನೂ ಕೆಟ್ಟದ್ದಾಯಿತು. ತಿಮ್ಮೇಶ್ ನಡುವೆ ಕೈ ಅಡ್ಡ ಇಟ್ಟ. "ಹೋಗ್ಲಿ ಬಿಡೆ. ಹೆಂಗೋ ಒಂದು ಮಾತಾದ್ರೂ ಬಂತಲ್ಲ."

"ನಿಮ್ಮ ಮನೆಯೋರಿಗೆ ಬಂತು. ಸತ್ತೋರ ಪಾಲಿಗೆ ಬಂತು. ಹೆತ್ತೋಳಿಗೆ ಎಲ್ಲಿ ಬಂತು? ದಾವಣಗೆರೆಗೆ ಕಿವಿ ಟೆಸ್ಟಿಗೆ ಹೋದಾಗ ಆ ಮಗುಗೆ ನಿದ್ದೆ ಔಷಧಿ ಕುಡಿಸಿದ್ರು. ಹೆಸರಿಗೆ ತಿರುಗಲ್ಲ ಅಂತ ಅಲ್ವಾ? ಅವ್ವ ಅಂದ್ರೆ ತಿರುಗ್ತಾಳೆ ಅಂತ ಅವತ್ತೇ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವಾಗ ನಾನು ಜಗಳೂರಾಗಿದ್ದೆ."

"ಈಗ ಎಲ್ಲಿದ್ರಿ? ಇಷ್ಟು ವಾರ ಆ ಗೋಡೆಗೆ ಒರಗಿ ಕುಂತಿದ್ರಲ್ಲ."

ಮುದ್ದೆ ಆರುತ್ತಿತ್ತು. ಮುದುಕ ಮಗನ ಕಡೆ ತಿರುಗಿ ಅಂದ: "ಅದು ನಮ್ಮವ್ವ ಕಣೋ ತಿಮ್ಮೇಶಾ. ಬೇರೆ ಏನಂತ ಕರೀಲಿ?"

"ರಕ್ಷಾ ಅನ್ರಿ," ಅಂದಳು ಶೈಲಾ. "ಹೆಸರಿಟ್ಟಿದ್ದು ಯಾಕೆ?"

"ಅದು ನನ್ನ ಬಾಯಾಗೆ ಬರಲ್ಲ. ಬಟ್ಟೆ ಸೋಪಿನ ಹೆಸ್ರು ಇದ್ದಂಗೈತೆ."

ತಿಮ್ಮೇಶನಿಗೆ ನಗು ಬಂತು. ನಗಬಾರದಿತ್ತು. ಶೈಲಾ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಕಾನೂನಾಯಿತು. ಮೇಡಂ ಹೇಳಿದ್ದೂ ಅದನ್ನೇ: ಎಲ್ಲರೂ ಒಂದೇ ಹೆಸರಿನಿಂದ ಕರೆಯಬೇಕು. ಚಿನ್ನು ಇಲ್ಲ, ಪಾಪು ಇಲ್ಲ, ಅವ್ವ ಅಂತೂ ಇಲ್ಲವೇ ಇಲ್ಲ. ಶಂಕ್ರಮ್ಮನಿಗೂ ಹೇಳಿಬಂದರು. ಸಣ್ಣತಿಮ್ಮಪ್ಪ ರಕ್ಷಾ ಅನ್ನಲು ನೋಡಿದ. ಆ 'ಕ್ಷ' ಅವನ ಉಳಿದ ಹಲ್ಲುಗಳಿಗೆ ಸಿಗಲಿಲ್ಲ. ರಕ್ಸಾ ಅಂತ ಬರುತ್ತಿತ್ತು. ಶೈಲಾ ಒಳಗಿಂದಲೇ, "ರಕ್ಸಾ ಅಲ್ಲ, ರಕ್ಷಾ," ಅಂತ ತಿದ್ದುತ್ತಿದ್ದಳು. ಎರಡು ದಿನ ತಿದ್ದಿಸಿಕೊಂಡು ಅವನು ಕರೆಯುವುದನ್ನೇ ಬಿಟ್ಟ. ಉಣ್ಣುವಾಗ ತಟ್ಟೆ ತಟ್ಟುತ್ತಿದ್ದ, ಹೊರಡುವಾಗ ಕೈ ಹಿಡಿಯುತ್ತಿದ್ದ. ಅಷ್ಟೇ.

ಹುಡುಗಿಗೆ ಏನರ್ಥವಾಗಬೇಕು? ದಿನವೂ ಕರೆಯುತ್ತಿದ್ದ ದನಿ ನಿಂತುಹೋಗಿತ್ತು. ಮೊದಲ ವಾರ ಅವಳು ಅವನ ಮುಂದೆ ಬಂದು ನಿಂತು ಪಂಚೆ ಎಳೆಯುತ್ತಿದ್ದಳು. ಒಂದು ಸಂಜೆ ಅವನ ಕೆನ್ನೆಗೆ ಕೈ ಹಚ್ಚಿ, ಬಾಯಿಯನ್ನೇ ನೋಡುತ್ತಾ, "ಅವ್ವ?" ಅಂದಳು. ಮರೆತುಹೋಯಿತೇನೋ, ನೆನಪು ಮಾಡೋಣ ಅನ್ನುವ ಹಾಗೆ. ಮತ್ತೆ ಅಂದಳು. ಮುದುಕ ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಚಪ್ಪಲಿ ಹುಡುಕುವವನಂತೆ ಹೊರಗೆ ನಡೆದ. ಶೈಲಾ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದು ನಿಂತಿದ್ದಳು. ಎಲ್ಲ ನೋಡಿದಳು. ಆವತ್ತು ರೊಟ್ಟಿ ಒಂದು ಕಡೆ ಸೀದಿತ್ತು, ಅದನ್ನು ತಾನೇ ಇಟ್ಟುಕೊಂಡಳು.

ಮೂರನೇ ವಾರಕ್ಕೆ ಹುಡುಗಿ ಅವ್ವ ಅನ್ನುವುದನ್ನೂ ಬಿಟ್ಟಳು. ಕನ್ನಡಿ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಆ ಮಂಗಳವಾರ ಎಲ್ಲರೂ ಹೋದ ಮೇಲೆ ದುರ್ಗಾಂಬಿಕಾ ಮೇಡಂ ಮುದುಕನನ್ನು ನಿಲ್ಲಿಸಿಕೊಂಡಳು.

"ಯಜಮಾನ್ರೇ, ತಪ್ಪು ನಂದೂ ಐತೆ. ಇದ್ದ ಒಂದು ಮಾತನ್ನ ಕಿತ್ಕೊಂಡ್ವಿ, ಬದಲು ಏನೂ ಕೊಡ್ಲಿಲ್ಲ."

"ನಾನು ಊರಿಗೆ ಹೋಗಿಬಿಡ್ತೀನಿ ತಾಯಿ. ನಾನಿದ್ರೆ ಅದಕ್ಕೂ ಕಷ್ಟ, ನಂಗೂ ಕಷ್ಟ."

"ನೀವು ಹೋದ್ರೆ ಅವಳು ರಾಗಿ ಟ್ರೇ ಹತ್ರಾನೂ ಬರಲ್ಲ. ನಾನೊಂದು ಕೇಳ್ತೀನಿ. ಅವ್ವ ಅನ್ನೋ ಮಾತು ಅವಳ ಬಾಯಿಗೆ ಬರುತ್ತೆ. ಆ ಮಾತು ಬಿಡಿಸೋದು ಬ್ಯಾಡ, ಅದರ ಒಡತೀನ ಬದಲಾಯಿಸೋಣ. ನಿಮ್ಮ ಮನೇಲಿ ಶೈಲಾನ ಅವ್ವ ಅಂತ ಯಾರು ಕರೀತಾರೆ?"

ಮುದುಕ ಯೋಚಿಸಿದ. ತಿಮ್ಮೇಶ್ ಅವಳನ್ನು ಲೇ ಅನ್ನುತ್ತಿದ್ದ. ಶಂಕ್ರಮ್ಮ ಶೈಲಾ ಅನ್ನುತ್ತಿದ್ದಳು.

"ಯಾರೂ ಇಲ್ಲ."

"ಮತ್ತೆ ಮಗು ಯಾರ ಬಾಯಿಂದ ಕೇಳಿ ಕಲೀಬೇಕು? ಗಂಡ ಹೆಂಡ್ತೀನ ಅವ್ವ ಅನ್ನಾಕೆ ಆಗಲ್ಲ. ಮಾವ ಸೊಸೇನ ಅವ್ವ ಅನ್ನೋದು ನಿಮ್ಮ ಕಡೆ ಐತಲ್ಲ?"

"ಐತೆ."

"ನೀವು ಯಾಕೆ ಅನ್ನಲ್ಲ?"

"ರೂಢಿ ಇಲ್ಲ," ಅಂದ ಸಣ್ಣತಿಮ್ಮಪ್ಪ. ಆಮೇಲೆ ತಾನೇ ನಾಚಿಕೊಂಡು ಅಂದ: "ಕೆಮ್ತೀನಿ."

ಮೇಡಮ್ಮಿಗೆ ಅದು ತಿಳಿಯಲಿಲ್ಲ. "ಇವಳನ್ನ ರಕ್ಷಾ ಅನ್ರಿ. ನಿಮ್ಮ ಬಾಯಿಗೆ ರಕ್ಸಾ ಅಂತಾನೇ ಬಂದ್ರೆ ರಕ್ಸಾನೇ ಇರ್ಲಿ. ಆದ್ರೆ ಮನೆಯವರೆಲ್ರೂ ಅದನ್ನೇ ಅನ್ಬೇಕು. ಶೈಲಾಗೆ ನಾನು ಫೋನ್ ಮಾಡಿ ಹೇಳ್ತೀನಿ."

ಫೋನ್ ಬಂದದ್ದು ಮರುದಿನ. ಅಷ್ಟರೊಳಗೆ ಆವತ್ತಿನ ಸಂಜೆ ಬಂದುಬಿಟ್ಟಿತು. ಮುದುಕ ಗೋಡೆಗೆ ಒರಗಿ ತಟ್ಟೆಯ ಮುಂದೆ ಕೂತಿದ್ದ. ಹುಡುಗಿ ಪಕ್ಕದಲ್ಲಿ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಡುತ್ತಿದ್ದಳು. ಶೈಲಾ ಬೆನ್ನು ತಿರುಗಿಸಿ ಒಲೆಯ ಮುಂದೆ. ಕೆಮ್ಮು ಗಂಟಲಿಗೆ ಬಂತು. ನುಂಗಿಕೊಂಡ. ಈ ಮಾತನ್ನು ಅವನು ಬದುಕಿನಲ್ಲಿ ಹೆಸರಿನ ಹಾಗೆ ಇಬ್ಬರಿಗೇ ಕೊಟ್ಟಿದ್ದ. ಒಬ್ಬಳು ಮಣ್ಣಲ್ಲಿದ್ದಳು, ಒಬ್ಬಳು ಮುಚ್ಚಳ ಜೋಡಿಸುತ್ತಿದ್ದಳು.

"ಅವ್ವಾ."

ಇಬ್ಬರೂ ತಿರುಗಿದರು.

ಹುಡುಗಿಯ ಕೈಯಲ್ಲಿ ಮುಚ್ಚಳ ಹಾಗೇ ನಿಂತಿತ್ತು. ಮೂರು ವಾರದ ಮೇಲೆ ಕೇಳಿದ ಕರೆ. ಮುಖ ಹೂವಾಗಿತ್ತು. ಶೈಲಾಳ ಮುಖ ಕೆಂಪಾಗಿತ್ತು.

"ಮತ್ತೆ ಶುರು ಮಾಡಿದ್ರಾ ಮಾವ? ಯಾರಿಗೆ ಹೇಳಿದ್ದು ನಾನು? ಗೋಡೆಗಾ?"

"ನಿನ್ನನ್ನೇ ಕರದಿದ್ದು ಕಣವ್ವ," ಅಂದ ಮುದುಕ. ಹುಡುಗಿಯ ಕಡೆ ನೋಡದೆ, ಸೊಸೆಯ ಮುಖವನ್ನೇ ನೋಡುತ್ತಾ ಅಂದ. "ಒಂಚೂರು ನೀರು ಕೊಡವ್ವ."

ಹುಡುಗಿ ಎದ್ದು ಅವನ ಹತ್ತಿರ ಬಂದಳು. ಕರೆದರಲ್ಲ, ಬಂದಳು. ಅವನು ಅವಳನ್ನು ಮುಟ್ಟಲಿಲ್ಲ. ಶೈಲಾ ಒಲೆ ಸಣ್ಣ ಮಾಡಿ, ಚೊಂಬು ತುಂಬಿ ತಂದು ಅವನ ಕೈಗೆ ಕೊಟ್ಟಳು. ಯಾವಾಗಲೂ ನೆಲಕ್ಕೆ ಇಡುತ್ತಿದ್ದಳು. ಹುಡುಗಿ ಚೊಂಬನ್ನೂ, ತಂದವಳನ್ನೂ, ಅಜ್ಜನನ್ನೂ ನೋಡಿ, ಮತ್ತೆ ಮುಚ್ಚಳಗಳ ಹತ್ತಿರ ಹೋಗಿ ಬೆನ್ನು ಮಾಡಿ ಕೂತಳು.

"ಮೇಡಂ ಹೇಳಿದ್ರಾ?" ಶೈಲಾ ಕೇಳಿದಳು.

"ಹೂಂ."

"ಅವರು ಹೇಳ್ದೆ ಇದ್ದಿದ್ರೆ ಅನ್ತಿರಲಿಲ್ಲ."

"ಇಲ್ಲ," ಅಂದ ಮುದುಕ. ಸುಳ್ಳು ಹೇಳಿ ಏನಾಗಬೇಕಿತ್ತು?

ಶೈಲಾ ಒಲೆಯ ಹತ್ತಿರ ಹೋಗಿ, "ಸಾರು ಬಿಸಿ ಐತೆ, ಹಾಕ್ಲಾ?" ಅಂದಳು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಕೆಮ್ಮು ನಿಂತಿತು. ಅವ್ವಾ ಉಪ್ಪು, ಅವ್ವಾ ಹೊರಟೆಯಾ, ಅವ್ವಾ ಗ್ಯಾಸಿನವನು ಬಂದ. ಲೆಕ್ಕಕ್ಕಿಂತ ಹೆಚ್ಚೇ ಆಯಿತು. ಶಂಕ್ರಮ್ಮ, "ಏನ್ರೀ ಅಣ್ಣಾರೆ, ಸೊಸೆ ಮೇಲೆ ಇದ್ದಕ್ಕಿದ್ದಂಗೆ ಪ್ರೀತಿ," ಅಂತ ಕಿಚಾಯಿಸಿದಳು. ಶೈಲಾಳ ಕಷ್ಟ ಬೇರೆ. ಡಿಕ್ಷನರಿಯಲ್ಲಿ ಹುಡುಕಿ ಇಟ್ಟ ಹೆಸರನ್ನು ತಾನೇ ರಕ್ಸಾ ಅನ್ನಬೇಕಾಗಿತ್ತು. ಮೊದಲ ದಿನ ಹಲ್ಲು ಕಚ್ಚಿ ಅಂದಳು. ವಾರದ ಮೇಲೆ ಆಫೀಸಿನಲ್ಲಿ ಯಾರೋ ಮಗಳ ಹೆಸರು ಕೇಳಿದಾಗ ಬಾಯಿಗೆ ಅದೇ ಬಂತಂತೆ.

ಪ್ರತಿ ಕರೆಗೂ ಇಬ್ಬರು ತಿರುಗುತ್ತಿದ್ದರು. ಒಬ್ಬಳು ಏನು ಮಾವ ಅನ್ನುತ್ತಿದ್ದಳು, ಒಬ್ಬಳು ಎದ್ದು ಬರುತ್ತಿದ್ದಳು. ಬಂದವಳನ್ನು, "ನೀನು ರಕ್ಸಾ, ಅವಳು ಅವ್ವ," ಅಂತ ಕೈ ಹಿಡಿದು ಶೈಲಾಳ ಹತ್ತಿರ ಬಿಟ್ಟುಬರುತ್ತಿದ್ದ. ಹಿಂಡಿಗೆ ತಪ್ಪಿಬಂದ ಬೇರೆಯವರ ಕುರಿಮರಿಯನ್ನು ಹೊತ್ತು ಅದರ ತಾಯಿಯ ಹತ್ತಿರ ಬಿಟ್ಟುಬರುವುದು ಅವನಿಗೆ ಹೊಸದಲ್ಲ. ಇಷ್ಟು ಭಾರ ಯಾವ ಮರಿಯೂ ಇರಲಿಲ್ಲ, ಅಷ್ಟೇ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಸೆಂಟರಿನಲ್ಲಿ ಚೆಂಡು ಹಿಡಿದ ಮೇಡಂ "ರಕ್ಸಾ" ಅಂದಳು. ರಾಗಿ ಟ್ರೇಯಿಂದ ಒಂದು ಕೈ ಮೇಲೆದ್ದಿತು. ಮೊಣಕೈವರೆಗೂ ರಾಗಿ ಅಂಟಿತ್ತು. ಶಿವಲೀಲಾ ನಿಯಮ ಮರೆತು ಚಪ್ಪಾಳೆ ಹೊಡೆದಳು, ಹುಡುಗಿ ಬೆದರಿ ಕೈ ಹುಗಿದುಕೊಂಡಳು. ಆದರೂ ಚೆಂಡು ಉರುಳಿ ಬಂದಾಗ ಕಾಲಿನಿಂದ ತಡೆದಳು. ಮೇಡಂ ರಿಜಿಸ್ಟರಿನಲ್ಲಿ ಏನೋ ಹೊಡೆದು ಏನೋ ಬರೆದಳು. ಮುದುಕ ಅದನ್ನು ಶಿವಲೀಲಾಳಿಂದ ಓದಿಸಲಿಲ್ಲ.

ಆ ವಾರವೇ ಕೆಂಚೇಶನ ಫೋನ್ ಬಂತು. ಮೊದಲೆರಡು ತಿಂಗಳು ಅವನು ವಾರಕ್ಕೊಮ್ಮೆ ಮಾಡುತ್ತಿದ್ದ: ಕುರಿ ನನ್ನ ದನಿಗೆ ಬರಲ್ಲ, ನೀನೊಂದು ಸಲ ಕರೀ ಅಂತ. ಮುದುಕ ಓಣಿಯಲ್ಲಿ ನಿಂತು ನಾಲಿಗೆ ಮಡಚಿ ಟುರ್ರ್ ಹೋಯ್ ಅನ್ನುತ್ತಿದ್ದ. ಅತ್ತ ಕೆಂಚೇಶ ಸ್ಪೀಕರ್ ಹಾಕಿ ಫೋನನ್ನು ಮೇಲೆತ್ತಿ ಹಿಡಿಯುತ್ತಿದ್ದ.

"ಇವತ್ತು ಎಲ್ಲಿ ಮಂದೆ ಹಾಕಿದ್ದೀಯ? ಕರೀಲಾ?"

"ಬ್ಯಾಡ ಬಿಡಪ್ಪ. ಈಗ ನನ್ನ ದನಿಗೇ ಬರ್ತಾವೆ."

"ಬರ್ತಾವಾ?"

"ಹೂಂ. ಉಂಡ್ಯಾ?"

"ಇನ್ನೂ ಇಲ್ಲ."

ಫೋನ್ ಇಟ್ಟು ಒಳಗೆ ಬಂದು ಕೂತ. ಶೈಲಾ ಮುದ್ದೆ ಇಟ್ಟು, ಸೊಪ್ಪಿನ ಸಾರು ಸುರಿದು, ಒಲೆಯ ಕಡೆ ತಿರುಗಿದಳು. ಹುಡುಗಿ ಅವಳ ಕಾಲಿನ ಹತ್ತಿರ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮಧ್ಯೆ ಒಮ್ಮೆ ಸೆರಗು ಎಳೆದು, ಮೇಲೆ ನೋಡದೆ, "ಅವ್ವ," ಅಂದಳು. "ಹೂಂ ಕಣೆ," ಅಂದಳು ಶೈಲಾ. ಕೈಯಲ್ಲಿದ್ದ ಸೌಟು ಸ್ವಲ್ಪ ಹೊತ್ತು ತಿರುಗಲಿಲ್ಲ. ಈ ಸಲ ಅವಳು ಯಾರಿಗೂ ಫೋನ್ ಮಾಡಲಿಲ್ಲ.

ಸಣ್ಣತಿಮ್ಮಪ್ಪ ಮುದ್ದೆ ಮುರಿದ. ಮುರಿದದ್ದನ್ನು ತಟ್ಟೆಯಲ್ಲೇ ಬಿಟ್ಟ.

"ಅವ್ವಾ," ಅಂದ.

ಶೈಲಾ ತಿರುಗಿದಳು. ಹುಡುಗಿ ತಿರುಗಲಿಲ್ಲ. ಸೆರಗು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಏನು ಮಾವ?"

"ಏನಿಲ್ಲ ಕಣವ್ವ. ಸಾರು."

ಶೈಲಾ ಅವನ ತಟ್ಟೆ ನೋಡಿದಳು. ಸಾರು ಅಂಚಿನವರೆಗೂ ಇತ್ತು. ಆದರೂ ಬಂದು ಇನ್ನೊಂದು ಸೌಟು ಹಾಕಿದಳು.